ಸೊಪ್ಪಿನ ಬೆಟ್ಟದಲ್ಲಿ ಕೆಂಪು ಗಡ್ಡೆ: ಇದು ಅಣಬೆಯಾ, ಹೂವಾ?

ಅಡಿಕೆಮನೆ ಹುಡುಗ:
ಮೊನ್ನೆ ಸಾಗರದ ಹತ್ತಿರ ಅಜ್ಜನ ಮನೆಗೆ ಹೋಗಿದ್ದೆ. ಅಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಕೆಲಸವಂತೂ ನನ್ನಿಂದ ಆಗುವುದಿಲ್ಲ. ಸುಲಿಯಲು ಕೂತರೆ ಬೆರಳು ಕುಯ್ದುಕೊಳ್ಳುತ್ತೇನೆ ಅಂತ ದೊಡ್ಡಮ್ಮನಿಗೆ ಭಯ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನಿಗೆ ಇಷ್ಟೇ ಮರ್ಯಾದೆ. ಹಾಗಾಗಿ ದೊಡ್ಡಪ್ಪನ ಜೊತೆ, ತೋಟಕ್ಕೆ ಸೊಪ್ಪು-ದರಕು ತರುವ ಸೊಪ್ಪಿನ ಬೆಟ್ಟಕ್ಕೆ ಹೊರಟೆ.

ಒಂದು ದೊಡ್ಡ ಮರದ ಬುಡ. ದರಕು (ಒಣಗಿ ಉದುರಿದ ಎಲೆ) ಪಾದ ಮುಳುಗುವಷ್ಟು ಬಿದ್ದಿತ್ತು. ಅದನ್ನು ಸೀಳಿಕೊಂಡು ಕೆಂಪು-ಕಂದು ಬಣ್ಣದ ಉಂಡೆಗಳು ಎದ್ದಿದ್ದವು. ಸುಮಾರು 20-25 ಇರಬಹುದು. ಗೇಣುದ್ದವೂ ಇಲ್ಲ. ದಪ್ಪ ತೊಟ್ಟು, ಅದರ ಮೇಲೆ ನಿಂಬೆಹಣ್ಣಿಗಿಂತ ಚಿಕ್ಕ ತಲೆ. ಎಲೆ ಇಲ್ಲ. ಹಸಿರು ಅನ್ನುವುದು ಹುಡುಕಿದರೂ ಇಲ್ಲ. ಕೆಲವು ತಲೆಗಳು ಮುಟ್ಟಿದರೆ ಮಖಮಲ್ಲಿನ ಹಾಗೆ ನುಣುಪು. ಇನ್ನು ಕೆಲವಕ್ಕೆ ಸುತ್ತಲೂ ಪುಟ್ಟ ಪುಟ್ಟ ನಕ್ಷತ್ರದಂಥ ಹೂ ಅಂಟಿಸಿದ ಹಾಗಿತ್ತು, ನಡುವೆ ಬಿಳಿ ಪುಡಿ. ಇರುವೆ ಮುತ್ತಿಕೊಂಡಿದ್ದವು.

ದೊಡ್ಡಪ್ಪನನ್ನು ಕೇಳಿದರೆ, "ಎಂತದೋ ಅಣಬೆ, ಪ್ರತಿ ವರ್ಷ ಏಳ್ತದೆ" ಅಂದರು. ನನಗೆ ಅಣಬೆ ಅನ್ನಿಸಲಿಲ್ಲ. ಅಣಬೆಗೆ ಹೂವು ಇರುತ್ತಾ? ಗೊತ್ತಿದ್ದವರು ಹೇಳಿ.

ಕಾಡುಪಾಪ:
ರಾಫ್ಲೇಷಿಯಾ!!! ಪ್ರಪಂಚದ ಅತಿ ದೊಡ್ಡ ಹೂವು. ನಿಮ್ಮ ಅದೃಷ್ಟ. ತಕ್ಷಣ ಪೇಪರಿನವರಿಗೆ ಹೇಳಿ.

ಸುಮ್ನೆ ಓದುವವ:
ನಿಂಬೆಹಣ್ಣಿಗಿಂತ ಚಿಕ್ಕದು ಅಂತ ಬರೆದಿದ್ದಾರೆ ಮಾರಾಯ. ಪ್ರಪಂಚದ ಅತಿ ದೊಡ್ಡ ಹೂವು ಇಷ್ಟೇನಾ?

ಕಾಡುಪಾಪ:
ಮರಿ ಇರಬಹುದು.

ಹುಳಿಪುಡಿ ಡಬ್ಬಿ:
ಪಲ್ಯ ಆಗುತ್ತಾ? ಸುಮ್ನೆ ಕೇಳಿದೆ.

ನಿವೃತ್ತ ಮೇಷ್ಟ್ರು:
ಹುಳಿಪುಡಿಯವರೇ, ದಯವಿಟ್ಟು ಬೇಡ. ಗುರುತು ಗೊತ್ತಿಲ್ಲದ್ದನ್ನು ಬಾಣಲೆಗೆ ಹಾಕಿದವರ ಕಥೆ ನಾನು ಸಾಕಷ್ಟು ಕೇಳಿದ್ದೇನೆ.

ಹುಡುಗ, ನಿನ್ನ ಅನುಮಾನ ಸರಿ. ಇದು ಅಣಬೆ ಅಲ್ಲ, ಹೂ ಬಿಡುವ ಗಿಡ. ಹೆಸರು ಬಲನೊಫೊರಾ. ನಮ್ಮ ಪಶ್ಚಿಮ ಘಟ್ಟದಲ್ಲಿ ಇರುವುದು ಬಲನೊಫೊರಾ ಫಂಗೋಸಾದ ಇಂಡಿಕಾ ಉಪಜಾತಿ. ಫಂಗೋಸಾ ಅಂದರೆ ಅಣಬೆಯಂಥದ್ದು ಅಂತಲೇ. ಅದಕ್ಕೆ ಹೆಸರಿಟ್ಟವರು ಫಾರ್ಸ್ಟರ್ ಎಂಬ ತಂದೆ-ಮಗ. ಕ್ಯಾಪ್ಟನ್ ಕುಕ್‌ನ ಎರಡನೇ ಯಾನದಲ್ಲಿ ಹಡಗಿನಲ್ಲಿದ್ದವರು. 1770ರ ದಶಕದಲ್ಲಿ ಅವರಿಗೂ ಅದು ಅಣಬೆಯ ಹಾಗೇ ಕಂಡಿತ್ತು. ನಿಮ್ಮ ದೊಡ್ಡಪ್ಪ ಏನೂ ದೊಡ್ಡ ತಪ್ಪು ಮಾಡಿಲ್ಲ.

ನೀನು ಎರಡು ಥರದ ತಲೆ ನೋಡಿದ್ದೀಯಲ್ಲ, ಅದು ಚೆನ್ನಾಗಿ ಗಮನಿಸಿದ್ದು. ನಕ್ಷತ್ರದಂಥ ಹೂ ಇರುವುದು ಗಂಡು. ಬಿಳಿ ಪುಡಿ ಪರಾಗ. ಮಖಮಲ್ಲಿನ ಹಾಗೆ ಇರುವುದು ಹೆಣ್ಣು. ಅದರ ಮೇಲೆ ಹೆಣ್ಣು ಹೂಗಳು ಸಾವಿರಗಟ್ಟಲೆ ಇರುತ್ತವೆ, ಆದರೆ ಬರಿಗಣ್ಣಿಗೆ ಕಾಣುವುದಿಲ್ಲ. ಹೂಬಿಡುವ ಗಿಡಗಳಲ್ಲೇ ಅತಿ ಚಿಕ್ಕ ಹೆಣ್ಣು ಹೂಗಳ ಪೈಕಿ ಇವು. ಇರುವೆ, ನೊಣ ಎಲ್ಲ ಬರುವುದು ಪರಾಗ ದಾಟಿಸಲು.

ಇನ್ನು ಎಲೆ ಯಾಕಿಲ್ಲ ಅಂದರೆ ಬೇಕಾಗಿಲ್ಲ. ಅದು ಪಕ್ಕದ ಮರದ ಬೇರಿಗೆ ಗಡ್ಡೆ ಕಚ್ಚಿಸಿಕೊಂಡು ಕೂತಿರುತ್ತದೆ. ನೀರು, ಸಕ್ಕರೆ ಎಲ್ಲ ಮರದ್ದೇ. ಪೂರ್ತಿ ಪರಾವಲಂಬಿ. ವರ್ಷದ ಬಹುಪಾಲು ನೆಲದೊಳಗೇ ಇದ್ದು, ಹೂ ಬಿಡಲು ಮಾತ್ರ ಹೊರಗೆ ತಲೆ ಹಾಕುತ್ತದೆ.

ಸುಮ್ನೆ ಓದುವವ:
ನಮ್ಮ ರೂಮ್‌ಮೇಟ್ ನೆನಪಾದ. ಊಟಕ್ಕೆ ಮಾತ್ರ ರೂಮಿಂದ ಹೊರಗೆ ಬರುತ್ತಿದ್ದ.

ಕಾಡುಪಾಪ:
ಸರಿ ಮೇಷ್ಟ್ರೇ, ಸೋತೆ. ಹಾಗಾದರೆ ರಾಫ್ಲೇಷಿಯಾ ನಮ್ಮಲ್ಲಿ ಎಲ್ಲೂ ಇಲ್ವಾ?

ನಿವೃತ್ತ ಮೇಷ್ಟ್ರು:
ಇಲ್ಲ. ಅದು ಸುಮಾತ್ರಾ, ಬೋರ್ನಿಯೋ ಕಡೆಯದು. ರಾಫ್ಲೇಷಿಯಾ ಅರ್ನಾಲ್ಡಿಯ ಹೂವು ಸುಮಾರು ಒಂದು ಮೀಟರ್ ಅಗಲ ಆಗುತ್ತದೆ. ಅದರ ನೆಂಟ ಒಂದು ನಮ್ಮ ದೇಶದಲ್ಲಿದೆ, ಸಪ್ರಿಯಾ ಹಿಮಾಲಯಾನಾ. ಅರುಣಾಚಲದ ನಾಮ್ದಾಫಾ ಕಡೆಗೆ ಹೋಗಬೇಕು. ಕೆಂಪು ಹೂವಿನ ಮೇಲೆ ಹಳದಿ ಚುಕ್ಕಿ. ನಾನು ಫೋಟೋದಲ್ಲಿ ಮಾತ್ರ ನೋಡಿದ್ದು. ಪೆನ್ಷನ್ ದುಡ್ಡಲ್ಲಿ ಅಷ್ಟು ದೂರ ಆಗುವುದಿಲ್ಲ.

ಅಡಿಕೆಮನೆ ಹುಡುಗ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಒಂದು ತಪ್ಪೊಪ್ಪಿಗೆ ಇದೆ. ನಮ್ಮ ದೊಡ್ಡಪ್ಪನ ಮಗ ಒಂದನ್ನು ಕತ್ತಿಯಿಂದ ಅಗೆದುಬಿಟ್ಟ. ಒಳಗೆ ಗಡ್ಡೆ ಇತ್ತು, ಮೈಯೆಲ್ಲ ಗುಳ್ಳೆ ಗುಳ್ಳೆ. ಬೆರಳು ದಪ್ಪದ ಬೇರೊಂದು ಸೀದಾ ಅದರೊಳಗೇ ಹೋಗಿ ಮುಗಿದಿತ್ತು. ಎಲ್ಲಿ ಬೇರು ಮುಗಿಯಿತು, ಎಲ್ಲಿ ಗಡ್ಡೆ ಶುರುವಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ. ಮನೆಗೆ ತಂದು ಕುಂಡದಲ್ಲಿ ಇಟ್ಟೆವು. ಮೂರನೇ ದಿನಕ್ಕೆ ಕೊಳೆತು ನಾರಿತು. ದೊಡ್ಡಮ್ಮ ಇಬ್ಬರಿಗೂ ಬೈದರು.

ಇನ್ನೊಂದು ಪ್ರಶ್ನೆ. ಆ ಮರ ಸಾಯುತ್ತಾ? ದೊಡ್ಡಪ್ಪನಿಗೆ ಈಗ ಅದೇ ಯೋಚನೆ ಹತ್ತಿದೆ. ಎಲ್ಲವನ್ನೂ ಕಿತ್ತು ಹಾಕೋಣವಾ ಅನ್ನುತ್ತಿದ್ದಾರೆ.

ನಿವೃತ್ತ ಮೇಷ್ಟ್ರು:
ಬೈಸಿಕೊಂಡಿದ್ದು ಸರಿಯಾಗೇ ಆಯಿತು. ಮರದ ಬೇರಿನಿಂದ ಬಿಡಿಸಿದರೆ ಅದು ಬದುಕುವುದಿಲ್ಲ. ಕುಂಡ, ಗೊಬ್ಬರ, ನೀರು ಏನು ಕೊಟ್ಟರೂ ಅಷ್ಟೇ.

ಮರ ಸಾಯುವುದಿಲ್ಲ. ಅಷ್ಟು ದೊಡ್ಡ ಮರಕ್ಕೆ ಇದು ಲೆಕ್ಕಕ್ಕೇ ಇಲ್ಲ. ದೊಡ್ಡಪ್ಪನೇ ಪ್ರತಿ ವರ್ಷ ಏಳುತ್ತದೆ ಅಂದರಲ್ಲ? ಅಷ್ಟು ವರ್ಷದಿಂದ ಮರ ನಿಂತಿದೆ ತಾನೇ? ಬಿಟ್ಟುಬಿಡಿ.

ಕೃಷ್ಣೆ ದಂಡೆ ರೈತ:
ಬಿಟ್ಟುಬಿಡಿ ಅನ್ನೋದು ಸುಲಭ ರೀ ಸರ. ನಿಮಗೆ ಕಾಡಿನಾಗ ಚಂದ ಕಾಣ್ತದ, ನಮಗ ಹೊಲದಾಗ ಹೊಟ್ಟಿ ಉರಸ್ತದ.

ನಾವು ಬೆಳಗಾವಿ ಜಿಲ್ಲೆಯವರು. ಕಬ್ಬು, ಜೋಳ ಎರಡೂ ಇದೆ. ಸ್ಟ್ರೈಗಾ ಅಂತ ಒಂದು ಕಸ. ಬಿಳಿ ಹೂವು, ನೋಡಲು ಪಾಪದ್ದು. ಅದು ಜೋಳದ ಬೇರಿಗೆ ಬಾಯಿ ಹಾಕಿ ಕೂರುತ್ತದೆ. ನೆಲದ ಮೇಲೆ ಕಾಣುವ ಹೊತ್ತಿಗೆ ಒಳಗೆ ಮಾಡುವುದನ್ನೆಲ್ಲ ಮಾಡಿ ಮುಗಿಸಿರುತ್ತದೆ. ನೀರು ಇದ್ದರೂ ಜೋಳ ಬಾಡಿದ ಹಾಗೆ ನಿಂತಿರುತ್ತದೆ. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಧೂಳಿನ ಹಾಗೆ. ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತವೆ. ಮೊದಲ ವರ್ಷ ನನಗೆ ಅಂಗಡಿಯವನೊಬ್ಬ ಏನೇನೋ ಔಷಧಿ ಕೊಟ್ಟ. ಅದು ಮೇಲಿನ ಕಸ ಸುಟ್ಟಿತು, ಜೋಳದ ಎಲೆಯನ್ನೂ ಸುಟ್ಟಿತು. ಸ್ಟ್ರೈಗಾ ಮುಂದಿನ ವರ್ಷ ಮತ್ತೆ ಹಾಜರು.

ಪರಾವಲಂಬಿ ಅಂದರೆ ನನಗೆ ಪ್ರೀತಿ ಹುಟ್ಟುವುದಿಲ್ಲ ನೋಡಿ.

ಕಾನು ಕೆಳದಿ:
ಅಣ್ಣಾ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಹೊಲದ ಸ್ಟ್ರೈಗಾ ಬೇರೆ, ಕಾಡಿನ ಬಲನೊಫೊರಾ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಲ್ವಾ? ಕಾಡಿನಲ್ಲಿ ಒಂದೇ ಜಾತಿಯ ಗಿಡ ಎಕರೆಗಟ್ಟಲೆ ನಿಂತಿರುವುದಿಲ್ಲ. ಹೊಲದಲ್ಲಿ ನಾವೇ ಅದಕ್ಕೆ ಹಬ್ಬದೂಟ ಬಡಿಸಿಟ್ಟಿದ್ದೇವೆ.

ಕೃಷ್ಣೆ ದಂಡೆ ರೈತ:
ಹಬ್ಬದೂಟ ನಾವು ನಿಮಗೂ ಬಡಿಸುತ್ತಿದ್ದೇವೆ ಅಕ್ಕಾರ. ರೊಟ್ಟಿ ಅದರಿಂದಲೇ ಬರೋದು.

ಕಾನು ಕೆಳದಿ:
ಅದನ್ನು ಇಲ್ಲ ಅನ್ನಲಿಲ್ಲ ಅಣ್ಣಾ. ನಾನು ಹೇಳಿದ್ದು ಕಿತ್ತು ಹಾಕುವ ವಿಷಯಕ್ಕೆ ಮಾತ್ರ.

ನಿವೃತ್ತ ಮೇಷ್ಟ್ರು:
ಜಗಳ ಬೇಡ. ರೈತರು ಹೇಳಿದ ಒಂದು ಮಾತು ನಿಜ. ಸ್ಟ್ರೈಗಾದ ಬೀಜ ಸುಮ್ಮನೆ ಮೊಳೆಯುವುದಿಲ್ಲ. ಹತ್ತಿರದಲ್ಲಿ ಬೇರು ಇದೆ ಅಂತ ವಾಸನೆ ಸಿಗಬೇಕು. ಬೇರಿನಿಂದ ಮಣ್ಣಿಗೆ ಇಳಿಯುವ ಒಂದು ರಾಸಾಯನಿಕ ಅದು. 1966ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಹತ್ತಿಯ ಬೇರಿನಿಂದ. ವಿಚಿತ್ರ ಅಂದರೆ ಹತ್ತಿಗೆ ಸ್ಟ್ರೈಗಾ ಹತ್ತುವುದೇ ಇಲ್ಲ. ಬೀಜ ಮೊಳೆಯುತ್ತದೆ, ಕಚ್ಚಲು ಸರಿಯಾದ ಬೇರು ಸಿಗದೆ ಸಾಯುತ್ತದೆ. ಹತ್ತಿ, ಅಲಸಂದೆ ಸರದಿಯಲ್ಲಿ ಹಾಕಿದರೆ ಮಣ್ಣಿನ ಬೀಜ ಕಡಿಮೆ ಆಗುತ್ತದೆ ಅನ್ನುವುದು ಇದಕ್ಕೇ.

ಗಿಡಗಳು ಆ ವಾಸನೆಯನ್ನು ಯಾಕೆ ಬಿಡುತ್ತವೆ ಅನ್ನುವುದು ಬಹಳ ಕಾಲ ಒಗಟಾಗಿತ್ತು. ಕಳ್ಳನಿಗೆ ಯಾರಾದರೂ ವಿಳಾಸ ಕೊಡುತ್ತಾರಾ? 2005ರಲ್ಲಿ ಜಪಾನಿನವರು ಉತ್ತರ ಕಂಡುಕೊಂಡರು. ಅದು ಮಣ್ಣಿನ ಒಳ್ಳೆಯ ಶಿಲೀಂಧ್ರವನ್ನು ಕರೆಯುವ ಕೂಗು. ರಂಜಕ ತಂದುಕೊಡುವ ಗೆಳೆಯನನ್ನು ಕರೆದರೆ ಕಳ್ಳನೂ ಕೇಳಿಸಿಕೊಂಡು ಬಂದ.

ಕೃಷ್ಣೆ ದಂಡೆ ರೈತ:
ಅಲಸಂದೆ ಹಾಕಿ ನೋಡಿದ್ದೇನೆ ಸರ. ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಸಾರ ಕಡಿಮೆ ಇರುವ ಹೊಲದಲ್ಲಿ ಕಾಟ ಜಾಸ್ತಿ. ಸಗಣಿ ಗೊಬ್ಬರ ಚೆನ್ನಾಗಿ ಬಿದ್ದ ತುಂಡಿನಲ್ಲಿ ಅಷ್ಟಿಲ್ಲ. ಈಗ ಹೂ ಬಿಡುವ ಮೊದಲೇ ಕೈಯಿಂದ ಕಿತ್ತು ಹೊಲದಾಚೆ ಸುಡುತ್ತೇವೆ. ಆದರೆ ಆ ವಾಸನೆ ಕಥೆ ಇವತ್ತೇ ಕೇಳಿದ್ದು. ಯಪ್ಪಾ, ಬೇರಿನಾಗೂ ಫೋನ್ ಕದ್ದು ಕೇಳೋದು ಐತಿ.

ಗಂಧದ ಕೊರಡು:
ಪರಾವಲಂಬಿ ಅಂದರೆ ಪ್ರೀತಿ ಹುಟ್ಟುವುದಿಲ್ಲ ಅಂದಿರಲ್ಲ ರೈತರೇ, ನಿಮ್ಮ ಮನೆಯ ದೇವರ ಕೋಣೆಯಲ್ಲಿ ಗಂಧದ ಕೊರಡು ಇದೆಯಾ?

ಕೃಷ್ಣೆ ದಂಡೆ ರೈತ:
ಇದೆ. ಯಾಕೆ?

ಗಂಧದ ಕೊರಡು:
ಶ್ರೀಗಂಧವೂ ಪರಾವಲಂಬಿಯೇ. ಎಲೆ ಹಸಿರಾಗಿರುತ್ತದೆ, ಸಕ್ಕರೆ ತಾನೇ ಮಾಡಿಕೊಳ್ಳುತ್ತದೆ. ಆದರೆ ನೀರು, ಲವಣಕ್ಕೆ ಪಕ್ಕದ ಗಿಡದ ಬೇರಿಗೆ ಹೀರುಬೇರು ಚುಚ್ಚುತ್ತದೆ. ಅರೆ ಪರಾವಲಂಬಿ ಅನ್ನುತ್ತಾರೆ. 1871ರಲ್ಲಿ ಜಾನ್ ಸ್ಕಾಟ್ ಎಂಬವರು ಇದನ್ನು ಮೊದಲು ಕಂಡುಹಿಡಿದರು. ಅದಕ್ಕೆ ಮುಂಚೆ ಟಿಪ್ಪು ಕಾಲದಿಂದ ರಾಜವೃಕ್ಷ ಅಂತ ಮೆರೆಸುತ್ತಿದ್ದರು, ಬೇರಿನ ಕಥೆ ಗೊತ್ತಿರಲಿಲ್ಲ.

ನನಗೆ ಇದು ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ. 2001ರಲ್ಲಿ ಕಾನೂನು ಬದಲಾಗಿ, ಜಮೀನಿನ ಗಂಧದ ಮರ ಜಮೀನಿನವನದೇ ಅಂತ ಆಯಿತಲ್ಲ. ಸ್ವಲ್ಪ ವರ್ಷ ಬಿಟ್ಟು ನಾನೂ ಅರ್ಧ ಎಕರೆ ಹಾಕಿದೆ. ಸಸಿ ಕೊಟ್ಟವನು, "ನಡುವೆ ಏನೂ ಬೆಳೆಸಬೇಡಿ ಸಾರ್, ಕ್ಲೀನಾಗಿ ಇಡಿ" ಅಂದ. ನಾನೂ ಒಂದು ಹುಲ್ಲುಕಡ್ಡಿ ಇಲ್ಲದ ಹಾಗೆ ಇಟ್ಟೆ. ಗಿಡಗಳು ಹಳದಿ ಆಗಿ ಸೊರಗಿದವು. ನೀರು ಕಡಿಮೆ ಆಯಿತಾ, ಗೊಬ್ಬರ ಜಾಸ್ತಿ ಆಯಿತಾ ಅಂತ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಿದ್ದವರೊಬ್ಬರು ಬಂದು ನಕ್ಕರು. "ಮಗುವನ್ನು ಹಾಲಿಲ್ಲದೆ ಮಲಗಿಸಿದ್ದೀರಿ" ಅಂದರು. ಪಕ್ಕದಲ್ಲಿ ತೊಗರಿ ಬಿತ್ತಿದೆ, ಆಮೇಲೆ ಗಾಳಿ ಮರ ಹಾಕಿದೆ. ಉಳಿದಿದ್ದ ಗಿಡಗಳು ಚಿಗುರಿದವು. ಗಂಧ 300ಕ್ಕೂ ಜಾಸ್ತಿ ಜಾತಿಯ ಗಿಡಗಳಿಂದ ಹೀರಬಲ್ಲದು. ಅದಕ್ಕೆ ಆಯ್ಕೆ ದೊಡ್ಡದು, ನಮಗೇ ಬುದ್ಧಿ ಕಡಿಮೆ.

ಸುಮ್ನೆ ಓದುವವ:
ಅಂದರೆ ಮೈಸೂರ್ ಸ್ಯಾಂಡಲ್ ಸೋಪ್ ಹಾಕಿ ಸ್ನಾನ ಮಾಡುವುದೂ ಕದ್ದ ಮಾಲಿನಲ್ಲಾ?

ಕೃಷ್ಣೆ ದಂಡೆ ರೈತ:
ಸರಿ, ಗಂಧಕ್ಕೆ ಮಾಫಿ. ಸ್ಟ್ರೈಗಾಕ್ಕೆ ಇಲ್ಲ.

ತೋಟದ ಮಾವು:
ಬೇರಿನ ಕಥೆ ಆಯಿತು. ಕೊಂಬೆ ಮೇಲೆ ಕೂರುವವರ ಕಥೆ ಯಾರೂ ಹೇಳಲಿಲ್ಲ. ನಮ್ಮ ಹಿತ್ತಲ ಮಾವಿನ ಮರದಲ್ಲಿ ಅರ್ಧ ಮಾವು, ಅರ್ಧ ಬಂದಳಿಕೆ. ದೂರದಿಂದ ನೋಡಿದರೆ ಮರ ಸೊಂಪಾಗಿದೆ ಅನ್ನಿಸುತ್ತದೆ. ಹತ್ತಿರ ಹೋದರೆ ಕಿತ್ತಳೆ-ಕೆಂಪು ಕೊಳವೆ ಹೂವು. ಇದಕ್ಕೆ ಏನು ಮಾಡಬೇಕು?

ಮಾರಾಯ್ರೆ ಕುಂದಾಪ್ರ:
ನಾವು ಬದನಿಕೆ ಅಂತೇವೆ ಮಾರಾಯ್ರೆ. ಅದನ್ನ ಮರದಿಂದ ಮರಕ್ಕೆ ಸಾಗಿಸುವ ಹಕ್ಕಿಗೂ ಅದೇ ಹೆಸರು. ಗುಬ್ಬಿಗಿಂತ ಪುಟ್ಟದು. ಹಣ್ಣು ನುಂಗುತ್ತದೆ, ಬೀಜ ಹಿಂದಿನಿಂದ ಬರುವಾಗ ಅಂಟು ಅಂಟು. ಕುಂಡೆಯನ್ನು ಕೊಂಬೆಗೆ ಉಜ್ಜಿ ಒರೆಸಿಕೊಳ್ಳಬೇಕು. ಬೀಜ ಅಲ್ಲೇ ಅಂಟಿತು, ಅಲ್ಲೇ ಮೊಳೆಯಿತು. ಇಷ್ಟು ಸುಲಭದ ನಾಟಿ ನಮ್ಮ ಕೃಷಿ ಇಲಾಖೆಗೂ ಗೊತ್ತಿಲ್ಲ.

ಕಾನು ಕೆಳದಿ:
ಬಂದಳಿಕೆಯನ್ನು ಪೂರ್ತಿ ತೆಗೆಯಬೇಡಿ, ಒಂದೆರಡು ಬಿಡಿ. ಹೂವಿಗೆ ಸೂರಕ್ಕಿ ಬರುತ್ತವೆ. ಹಳದಿ-ಕೆಂಪು ರೆಕ್ಕೆಯ ಜೆಜೆಬೆಲ್ ಚಿಟ್ಟೆ ನೋಡಿದ್ದೀರಲ್ಲ, ಅದರ ಹುಳುಗಳು ತಿನ್ನುವುದು ಈ ಎಲೆಯನ್ನೇ.

ತೋಟದ ಮಾವು:
ಅಕ್ಕಾ, ಚಿಟ್ಟೆಗೆ ಎರಡು ಬಿಡೋಣ. ಉಪ್ಪಿನಕಾಯಿಗೆ ನನಗೂ ಸ್ವಲ್ಪ ಮಿಡಿ ಬೇಕು.

ನಿವೃತ್ತ ಮೇಷ್ಟ್ರು:
ಬಂದಳಿಕೆಯನ್ನು ಮಾತ್ರ ಮುರಿದರೆ ಮತ್ತೆ ಚಿಗುರುತ್ತದೆ. ಅದರ ಹೀರುಬೇರು ಕೊಂಬೆಯೊಳಗೆ ಹರಡಿರುತ್ತದೆ. ಅಂಟಿದ ಜಾಗದಿಂದ ಒಂದಡಿಯಷ್ಟು ಕೆಳಗೆ ಕೊಂಬೆಯನ್ನೇ ಕಡಿಯಬೇಕು. ಹಣ್ಣು ಆಗುವ ಮೊದಲು ಮಾಡಿ. ಮುಖ್ಯ ಕಾಂಡಕ್ಕೇ ಕಚ್ಚಿದ್ದರೆ ಕಡಿಯಲು ಆಗುವುದಿಲ್ಲ. ಆಗಾಗ ಚಿಗುರು ಚಿವುಟುತ್ತಾ ಇರಬೇಕು, ಅಷ್ಟೇ.

ಇನ್ನೊಂದು ತಮಾಷೆ. ಈ ಬಂದಳಿಕೆಯ ಮೇಲೇ ಬೆಳೆಯುವ ಇನ್ನೊಂದು ಪರಾವಲಂಬಿ ಇದೆ, ವಿಸ್ಕಮ್ ಜಾತಿಯದು. ಮಾವಿನಿಂದ ಇದು ಹೀರುತ್ತದೆ, ಇದರಿಂದ ಅದು ಹೀರುತ್ತದೆ.

ಕೃಷ್ಣೆ ದಂಡೆ ರೈತ:
ಕಳ್ಳನ ಮನೆಗೇ ಕನ್ನ. ಈಗ ಸಮಾಧಾನ ಆಯಿತು.

ಶಾಸನ ಹುಚ್ಚ:
ಬಂದಳಿಕೆ ಅಂದರೆ ಶಿಕಾರಿಪುರ ತಾಲ್ಲೂಕಿನ ಊರು ಅಲ್ವಾ? ನಾಗರಖಂಡದ ಹಳೇ ಪಟ್ಟಣ. ಬಸದಿ, ತ್ರಿಮೂರ್ತಿ ದೇವಸ್ಥಾನ, ಶಾಸನಗಳು. ಯಾರೂ ಹೋಗುವುದಿಲ್ಲ, ಪಾಳು ಬಿದ್ದ ಹಾಗಿದೆ. ಹೋಗಿ ಬನ್ನಿ.

ಸುಮ್ನೆ ಓದುವವ:
ಪರಾವಲಂಬಿ ಗಿಡದ ಹೆಸರಿನ ಊರಾ? ಊರಿನವರು ಬೈಯುವುದಿಲ್ವಾ?

ಶಾಸನ ಹುಚ್ಚ:
ಗಿಡದಿಂದ ಬಂದ ಹೆಸರಲ್ಲ. ಶಾಸನಗಳಲ್ಲಿ ಬಾಂಧವಪುರ, ಬಂದಣಿಕೆ ಅಂತ ಇದೆ. ಇಬ್ಬರ ಹೆಸರು ಒಂದೇ ಆದರೆ ಇಬ್ಬರೂ ನೆಂಟರಾಗಬೇಕಾ?

ಅಜ್ಜಿ ಮನೆ ಮದ್ದು:
ನಮ್ಮ ಕಡೆ ಮರದ ಮೇಲೆ ಬೆಳೆಯುವ ಸೀತಾಳೆ ದಂಡೆಯೂ ಬದನಿಕೆಯೇ. ಅದೂ ಮರದ ರಕ್ತ ಕುಡಿಯುತ್ತದೆ. ನಮ್ಮ ಮಾವ ಹಲಸಿನ ಮರದಿಂದ ಎಲ್ಲ ಕಿತ್ತು ಎಸೆದರು.

ಕಾನು ಕೆಳದಿ:
ಅಯ್ಯೋ! ಸೀತಾಳೆ ದಂಡೆ ಆರ್ಕಿಡ್. ಅದು ಮರದ ಮೇಲೆ ಕೂತಿರುತ್ತದೆ ಅಷ್ಟೇ, ಒಂದು ಹನಿಯೂ ಹೀರುವುದಿಲ್ಲ. ಅದರ ಬೇರು ತೊಗಟೆಯ ಹೊರಗೇ ಇರುತ್ತದೆ. ಮಳೆ ನೀರು, ಮಂಜು, ತೊಗಟೆಯ ಕಸ ಇಷ್ಟರಲ್ಲೇ ಜೀವನ. ಬಾಡಿಗೆದಾರನಿಗೂ ಕಳ್ಳನಿಗೂ ವ್ಯತ್ಯಾಸ ಇದೆ.

ಅಜ್ಜಿ ಮನೆ ಮದ್ದು:
ಬಾಡಿಗೆ ಏನೂ ಕೊಡುವುದಿಲ್ಲವಲ್ಲ!

ಕಾನು ಕೆಳದಿ:
ಹೂವು ಕೊಡುತ್ತದಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಗೇಣುದ್ದದ ದಂಡೆ ಇಳಿಬಿಡುತ್ತದೆ. ನಿಮ್ಮ ಮಾವನಿಗೆ ಹೇಳಿ.

ಅಜ್ಜಿ ಮನೆ ಮದ್ದು:
ಮಾವನಿಗೆ ಏನೂ ಹೇಳಲು ಆಗುವುದಿಲ್ಲ. ನೀವೇ ಬಂದು ಹೇಳಿ.

ಮಾರಾಯ್ರೆ ಕುಂದಾಪ್ರ:
ನಮ್ಮ ಕಡಲ ತೀರದ ಪೊದೆಗಳ ಮೇಲೆ ದಾರದ ಉಂಡೆ ಬಿಚ್ಚಿ ಎಸೆದ ಹಾಗೆ ಒಂದು ಬಳ್ಳಿ. ಎಲೆ ಇಲ್ಲ. ಅದೂ ಈ ಪಾರ್ಟಿಯಾ?

ನಿವೃತ್ತ ಮೇಷ್ಟ್ರು:
ಹೌದು. ಕಡಲ ಹತ್ತಿರ ಹಸಿರು ಛಾಯೆ ಇದ್ದರೆ ಅದು ಕಸೈತಾ. ಮಂಗನ ಉಡಿದಾರ ಅನ್ನುತ್ತಾರೆ, ಒಳ್ಳೆಯ ಹೆಸರು. ಬೆಂಗಳೂರಿನ ಪಾರ್ಕುಗಳ ಡುರಾಂಟಾ ಬೇಲಿಯ ಮೇಲೆ ಹಳದಿ ಶಾವಿಗೆಯಂಥದ್ದು ಇದ್ದರೆ ಅದು ಕಸ್ಕ್ಯೂಟಾ. ನೋಡಲು ಅಣ್ಣ-ತಮ್ಮ, ಸಂಬಂಧ ಏನೂ ಇಲ್ಲ. ಕಸೈತಾ ದಾಲ್ಚಿನ್ನಿಯ ಕುಟುಂಬದ್ದು. ಕಸ್ಕ್ಯೂಟಾ ಸಿಹಿಗೆಣಸಿನ ಕುಟುಂಬದ್ದು. ಒಳ್ಳೆಯ ಮನೆತನದಲ್ಲಿ ಹುಟ್ಟಿ ಎರಡೂ ಹಾಳಾದವು.

ಹೈನು ಹಟ್ಟಿ:
ಕಸ್ಕ್ಯೂಟಾ ನಮ್ಮ ಕುದುರೆ ಮಸಾಲೆಗೆ ಹತ್ತಿತ್ತು. ಬೀಜದ ಜೊತೆಗೇ ಬಂದಿದ್ದು. ಒಂದು ಮೂಲೆಯಲ್ಲಿ ಹಾಸಿಗೆ ಅಗಲ ಇತ್ತು, ತಿಂಗಳಲ್ಲಿ ಕೋಣೆ ಅಗಲ. ಹಸುವಿಗೆ ಮೇವು ಹೋಯಿತು. ಅಲ್ಲಿಯ ಮೇವನ್ನು ಪೂರ್ತಿ ಕೊಯ್ದು ಸುಟ್ಟ ಮೇಲೇ ನಿಂತಿದ್ದು.

ಲ್ಯಾಬ್ ಇಲಿ:
ಕಸ್ಕ್ಯೂಟಾ ಬಗ್ಗೆ ನನ್ನ ಮೆಚ್ಚಿನ ಪ್ರಯೋಗ ಹೇಳಲೇಬೇಕು. 2006ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಆಗ ತಾನೇ ಮೊಳೆತ ಕಸ್ಕ್ಯೂಟಾದ ಎಳೆ ಟೊಮೆಟೊ ಗಿಡದ ಕಡೆಗೆ ಬಾಗುತ್ತದೆ. ಗಿಡವನ್ನೇ ತೆಗೆದು ಅದರ ವಾಸನೆ ಮಾತ್ರ ಬಿಟ್ಟರೂ ಅತ್ತಲೇ ಬಾಗುತ್ತದೆ. ಟೊಮೆಟೊ, ಗೋಧಿ ಎರಡರ ವಾಸನೆ ಇಟ್ಟರೆ ಟೊಮೆಟೊ ಕಡೆಗೇ. ಗೋಧಿಯ ಒಂದು ವಾಸನೆ ಅಂದರೆ ಅದಕ್ಕೆ ಆಗಿಬರುವುದಿಲ್ಲ.

ಇನ್ನು ಮೂಲ ವಿಷಯದ ಬಲನೊಫೊರಾ. ಎಲೆಯಲ್ಲಿ ಬಿಸಿಲಿನಿಂದ ಸಕ್ಕರೆ ಮಾಡುವ ಹಸಿರು ಕಣಕ್ಕೆ ಕ್ಲೋರೋಪ್ಲಾಸ್ಟ್ ಅನ್ನುತ್ತಾರೆ. ಮಾಮೂಲಿ ಗಿಡದ ಕ್ಲೋರೋಪ್ಲಾಸ್ಟ್ ಒಳಗಿನ ಡಿಎನ್‌ಎಯಲ್ಲಿ ಸುಮಾರು ಒಂದೂವರೆ ಲಕ್ಷ ಅಕ್ಷರ ಇರುತ್ತದೆ. ಬಲನೊಫೊರಾದಲ್ಲಿ ಉಳಿದಿರುವುದು 15-16 ಸಾವಿರ. ಬಿಸಿಲಲ್ಲಿ ಅಡುಗೆ ಮಾಡುವುದನ್ನು ಬಿಟ್ಟ ಮೇಲೆ ಪಾತ್ರೆ ಪಗಡೆ ಒಂದೊಂದೇ ಮಾರಿದ ಹಾಗೆ. ಸಾಲದ್ದಕ್ಕೆ ವಾಕ್ಯ ಇಲ್ಲಿ ಮುಗಿಯಿತು ಅನ್ನುವ ಒಂದು ಗುರುತಿಗೆ ಅದರ ಕ್ಲೋರೋಪ್ಲಾಸ್ಟ್ ಬೇರೆಯೇ ಅರ್ಥ ಕೊಟ್ಟುಕೊಂಡಿದೆ. ಎಲ್ಲರ ಪೂರ್ಣವಿರಾಮ ಇದಕ್ಕೆ ಒಂದು ಅಕ್ಷರ. 2019ರಲ್ಲಿ ಗೊತ್ತಾಗಿದ್ದು.

ಸುಮ್ನೆ ಓದುವವ:
ಪೂರ್ಣವಿರಾಮ ಇಲ್ಲದೆ ಮಾತಾಡುವವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ.

ನ್ಯೂಜೆರ್ಸಿ ಚಳಿ:
ಇಲ್ಲಿ ಕಾಡಿನಲ್ಲಿ ಬೇಸಿಗೆ ಮಳೆ ಬಿದ್ದ ಮೇಲೆ ಓಕ್, ಬೀಚ್ ಮರಗಳ ಕೆಳಗೆ ಮೇಣದಂಥ ಬಿಳಿ ಹೂವು ಏಳುತ್ತದೆ. ತಲೆ ಬಗ್ಗಿಸಿಕೊಂಡು ನಿಂತಿರುತ್ತದೆ. ಮೊನೊಟ್ರೊಪಾ ಯೂನಿಫ್ಲೋರಾ. ಮುಟ್ಟಿ ಕಿತ್ತರೆ ಕಪ್ಪಾಗುತ್ತದೆ. ಮಗಳು ಮೊದಲ ಸಲ ನೋಡಿ, "ಅಪ್ಪಾ, ದೆವ್ವದ ಹೂವು" ಅಂತ ಓಡಿ ಬಂದಳು. ಇದೂ ಬೇರಿಗೆ ಕಚ್ಚುವ ಪರಾವಲಂಬಿ ತಾನೇ?

ಲ್ಯಾಬ್ ಇಲಿ:
ಇಲ್ಲ, ಇಲ್ಲೇ ಎಲ್ಲರೂ ಎಡವುವುದು. ಅದು ಮರದ ಬೇರನ್ನು ಕಚ್ಚುವುದಿಲ್ಲ. ಮರದ ಬೇರಿಗೂ ಮಣ್ಣಿನ ಅಣಬೆಗೂ ಕೊಡು-ಕೊಳ್ಳುವ ಸಂಬಂಧ ಇರುತ್ತದೆ. ಮರ ಸಕ್ಕರೆ ಕೊಡುತ್ತದೆ, ಅಣಬೆ ಲವಣ ಕೊಡುತ್ತದೆ. ಮೊನೊಟ್ರೊಪಾ ಆ ಅಣಬೆಯನ್ನು ಕಚ್ಚಿ ಇಬ್ಬರದ್ದನ್ನೂ ಹೀರುತ್ತದೆ, ತಿರುಗಿ ಏನೂ ಕೊಡುವುದಿಲ್ಲ. ದಲ್ಲಾಳಿಯ ಜೇಬಿಗೆ ಕತ್ತರಿ ಹಾಕಿದ ಹಾಗೆ. ನಮ್ಮ ಘಟ್ಟದಲ್ಲೂ ಇಂಥದ್ದೇ ಜೀವನ ಮಾಡುವ ಎಲೆ ಇಲ್ಲದ ಆರ್ಕಿಡ್ ಇದೆ, ಎಪಿಪೋಜಿಯಮ್ ರೋಸಿಯಮ್. ಎದ್ದು, ಹೂ ಬಿಟ್ಟು, ಬೀಜ ಉದುರಿಸಿ ಕೆಲವೇ ದಿನದಲ್ಲಿ ಮಾಯ.

ಕಾಫಿ ಹಿತ್ತಲು:
ನಾವು ಕೊಡಗಿನವರು. ದೇವರಕಾಡಿನಲ್ಲಿ ಆ ಕೆಂಪು ಗಡ್ಡೆ ನಾನೂ ನೋಡಿದ್ದೇನೆ, ಅಣಬೆ ಅಂದುಕೊಂಡು ದಾಟಿ ಹೋಗಿದ್ದೆ. ಕುರಿಂಜಿ ಪೊದೆಗಳ ಬುಡದಲ್ಲೂ ಒಂದು ನೋಡಿದೆ. ನೆಲಕ್ಕೇ ಅಂಟಿಕೊಂಡು ತಿಳಿ ಬಣ್ಣದ ಕಹಳೆಯಂಥ ಹೂಗಳ ಗುಂಪು. ಎಲೆ ಇಲ್ಲ, ತೊಟ್ಟೂ ಕಾಣುವುದಿಲ್ಲ.

ನಿವೃತ್ತ ಮೇಷ್ಟ್ರು:
ಕುರಿಂಜಿಯ ಬುಡ ಅಂದಿರಲ್ಲ, ಹಾಗಾದರೆ ಕ್ರಿಸ್ಟಿಸೋನಿಯಾ ಇರಬಹುದು. ಕುರಿಂಜಿ ಜಾತಿಯ ಬೇರನ್ನೇ ಹಿಡಿಯುವ ಗಿಡ. 2022ರಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗ ಸಾವಿರಾರು ಜನ ಹೋಗಿ ನೀಲಿ ಬೆಟ್ಟದ ಮುಂದೆ ಸೆಲ್ಫಿ ತೆಗೆದುಕೊಂಡರು. ಪೊದೆಯ ಬುಡಕ್ಕೆ ಬಗ್ಗಿ ನೋಡಿದವರು ಎಷ್ಟು ಜನವೋ! ಹುಲ್ಲಿನ ಬೇರಿಗೆ ಕಚ್ಚುವ ಇದರ ನೆಂಟ ಎಜಿನೇಶಿಯಾ. ಮಳೆಗಾಲದ ಕೊನೆಗೆ ಹುಲ್ಲಿನ ನಡುವೆ ನೇರಳೆ ಬಣ್ಣದ, ತಲೆ ಬಾಗಿದ ಒಂಟಿ ಹೂವು ಕಂಡರೆ ಅದೇ.

ಕಾಡುಪಾಪ:
ಹುಡುಗಾ, ಜಾಗ ಎಲ್ಲಿ ಅಂತ ಮ್ಯಾಪ್ ಹಾಕು. ಈ ಶನಿವಾರ ನಾವು ನಾಲ್ಕು ಜನ ಬರುತ್ತೇವೆ.

ಕಾನು ಕೆಳದಿ:
ದಯವಿಟ್ಟು ಹಾಕಬೇಡಿ. ನಾಲ್ಕು ಜನ ನಲವತ್ತು ಆಗುತ್ತಾರೆ. ಕಾಲಡಿ ಎಷ್ಟು ಪುಡಿ ಆಗುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅರ್ಧ ದರಕಿನ ಒಳಗೇ ಇರುತ್ತದೆ.

ಕಾಡುಪಾಪ:
ನಾನು ಚಪ್ಪಲಿ ಬಿಟ್ಟು ಬರುತ್ತೇನೆ ಅಕ್ಕಾ.

ಮಾರಾಯ್ರೆ ಕುಂದಾಪ್ರ:
ಮಳೆಗಾಲದಲ್ಲಿ ಬಾ. ಚಪ್ಪಲಿ ಬಿಟ್ಟವನಿಗೆ ಇಂಬಳ ಕಾಯುತ್ತಾ ಇರುತ್ತದೆ. ಅದೂ ಪರಾವಲಂಬಿಯೇ.

ಅಡಿಕೆಮನೆ ಹುಡುಗ:
ಮ್ಯಾಪ್ ಹಾಕುವುದಿಲ್ಲ, ಕ್ಷಮಿಸಿ. ಅದು ನನ್ನ ಜಾಗವೂ ಅಲ್ಲ, ದೊಡ್ಡಪ್ಪನ ಬೆಟ್ಟ.

ನಿನ್ನೆ ರಾತ್ರಿ ದೊಡ್ಡಪ್ಪನಿಗೆ ಇಲ್ಲಿಯದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. ಗಂಧದ ಕಥೆಗೆ ಹೂಂ ಅಂದರು. ಗಂಡು-ಹೆಣ್ಣು ಬೇರೆ ಬೇರೆ ಅಂದಾಗ, "ಅಣಬೆಗೆ ಎಂತ ಗಂಡು-ಹೆಣ್ಣು!" ಅಂತ ನಕ್ಕರು. ಅಣಬೆ ಅಲ್ಲ ಅಂತ ಮೂರು ಸಲ ಹೇಳಬೇಕಾಯಿತು. ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿದರು. ದರಕು ಗುಡಿಸಲು ಹೋದವರಿಗೆ ಆ ಮರದ ಬುಡ ಬಿಟ್ಟು ಗುಡಿಸಿ ಅಂತ ಹೇಳಿದ್ದಾರಂತೆ. ಗುರುತಿಗೆ ಸುತ್ತ ನಾಲ್ಕು ಗೂಟ ಹೊಡೆದು ಬಾಳೆ ಪಟ್ಟೆ ಕಟ್ಟಿದ್ದಾರೆ. ತೋಟಕ್ಕೆ ಎರಡು ಹೆಡಗೆ ದರಕು ಕಡಿಮೆ ಆಯಿತು, ಅದನ್ನು ನಾನು ಬಂದು ತುಂಬಿಸಿ ಕೊಡಬೇಕಂತೆ.

ಹುಳಿಪುಡಿ ಡಬ್ಬಿ:
ಹಾಗಾದರೆ ಪಲ್ಯ ಖಂಡಿತ ಇಲ್ಲ?

ನಿವೃತ್ತ ಮೇಷ್ಟ್ರು:
ಇಲ್ಲ. ಆದರೆ ಆ ಗಡ್ಡೆಯಲ್ಲಿ ಮೇಣ ಇದೆ. ಜಾವಾದಲ್ಲಿ ಹಿಂದೆ ಅದರಿಂದ ದೀಪ ಉರಿಸುತ್ತಿದ್ದರು. ಪಲ್ಯ ಮಾಡಿದರೆ ಮೇಣದಬತ್ತಿ ತಿಂದ ಹಾಗೆ.

ಹುಳಿಪುಡಿ ಡಬ್ಬಿ:
ಕರೆಂಟ್ ಹೋದಾಗ ನೆನಪಿಟ್ಟುಕೊಳ್ಳುತ್ತೇನೆ.

ತೋಟದ ಮಾವು:
ಮೇಷ್ಟ್ರೇ, ಏಣಿ ಇಟ್ಟು ಹತ್ತಿದೆ. ಬಂದಳಿಕೆ ಮುಖ್ಯ ಕಾಂಡಕ್ಕೇ ಕಚ್ಚಿದೆ. ಈಗ?